‘ಕಸ’ದ ಜೀನು ಮತ್ತು ಚಿಕ್ಕಮ್ಮನ ಲೂಪಸ್

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಇಷ್ಟೇ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿಗೆ ಸೂಚನೆ ಕೊಡುವ ಭಾಗ ಶೇ 2ರಷ್ಟೂ ಇಲ್ಲ, ಉಳಿದದ್ದನ್ನು ಬಹುಕಾಲ ‘ಕಸ’ ಎಂದೇ ಕರೆಯುತ್ತಿದ್ದರು ಎಂದು ಗೊತ್ತಾಗಿದ್ದು ಎಂ.ಎಸ್ಸಿ.ಗೆ ಬಂದ ಮೇಲೆ.

ಆ ಕಸದೊಳಗಿನ ಒಂದು ಜೀನಿನ ಹೆಸರು ಎಕ್ಸಿಸ್ಟ್. 1991ರಲ್ಲಿ ಪತ್ತೆಯಾಯಿತು. ಹೆಣ್ಣಿನ ಜೀವಕೋಶದಲ್ಲಿ ಎಕ್ಸ್ ವರ್ಣತಂತು ಎರಡಿರುತ್ತವೆ, ಗಂಡಿಗೆ ಒಂದೇ. ಎರಡೂ ದುಡಿದರೆ ಪ್ರೋಟೀನುಗಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಂದು ಎಕ್ಸ್ ಸುಮ್ಮನಾಗುತ್ತದೆ ಎಂದು ಬ್ರಿಟನ್ನಿನ ಮೇರಿ ಲಯನ್ 1961ರಲ್ಲೇ ಹೇಳಿದ್ದರು. ಸುಮ್ಮನಾಗಿಸುವುದು ಈ ಎಕ್ಸಿಸ್ಟ್. ಇದರ ಆರ್‌ಎನ್‌ಎ ಸುಮಾರು 17,000 ಅಕ್ಷರ ಉದ್ದ. ಪ್ರೋಟೀನಾಗುವ ಗೋಜಿಗೇ ಹೋಗದೆ, ಒಂದು ಎಕ್ಸನ್ನು ಕಂಬಳಿಯಂತೆ ಹೊದ್ದುಕೊಂಡು ಬಾಯಿ ಮುಚ್ಚಿಸುತ್ತದೆ.

ನನ್ನ ಚಿಕ್ಕಮ್ಮನಿಗೆ ಲೂಪಸ್ ಇದೆ. ಕೀಲುನೋವು, ಸುಸ್ತು ಎಂದು ಎರಡು ವರ್ಷ ಅಲೆದರೂ ಸಿಕ್ಕಿದ್ದು ಕಬ್ಬಿಣಾಂಶದ ಮಾತ್ರೆ, ಜೊತೆಗೆ ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಉಪದೇಶ. ‘ಅಲ್ವೇ, ಆಸ್ಪತ್ರೆ ಸಾಲಲ್ಲಿ ಕೂತಿರೋರೆಲ್ಲ ಹೆಂಗಸರೇ, ಯಾಕೇ?’ ಎಂದು ಒಮ್ಮೆ ಕೇಳಿದರು. ನಿಜ, ಲೂಪಸ್ ಇರುವ 10 ಜನರಲ್ಲಿ ಸುಮಾರು 9 ಮಂದಿ ಮಹಿಳೆಯರು. ಹಾರ್ಮೋನು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಎರಡು ಎಕ್ಸ್, ಒಂದು ವೈ ಇಟ್ಟುಕೊಂಡು ಹುಟ್ಟುವ ಗಂಡಸರಿಗೂ ಲೂಪಸ್ ಅಪಾಯ ಹೆಚ್ಚುಕಡಿಮೆ ಹೆಂಗಸರಷ್ಟೇ ಇದೆ. ಅವರಲ್ಲೂ ಎಕ್ಸಿಸ್ಟ್ ಕೆಲಸ ಮಾಡುತ್ತಿರುತ್ತದೆ!

2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊವಾರ್ಡ್ ಚಾಂಗ್ ತಂಡ ಇದನ್ನೇ ಪರೀಕ್ಷಿಸಿತು. ಎಕ್ಸಿಸ್ಟ್ ಆರ್‌ಎನ್‌ಎಗೆ ಹತ್ತಾರು ಪ್ರೋಟೀನುಗಳು ಅಂಟಿಕೊಂಡಿರುತ್ತವೆ. ಜೀವಕೋಶ ಸತ್ತು ಒಡೆದಾಗ ಈ ಗಂಟು ಹೊರಬಿದ್ದು, ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಎಂದುಕೊಂಡರೆ? ಎಕ್ಸನ್ನು ಸುಮ್ಮನಾಗಿಸದ, ಆದರೆ ಗಂಟು ಕಟ್ಟುವ ಎಕ್ಸಿಸ್ಟನ್ನು ಅವರು ಗಂಡು ಇಲಿಗಳಲ್ಲಿ ಸೇರಿಸಿದರು. ಲೂಪಸ್‌ನಂಥ ಕಾಯಿಲೆ ಬರಿಸುವ ರಾಸಾಯನಿಕ ಕೊಟ್ಟಾಗ ಆ ಗಂಡುಗಳಿಗೂ ಹೆಣ್ಣುಗಳಿಗೆ ಸಮೀಪದ ಪ್ರಮಾಣದಲ್ಲೇ ಕಾಯಿಲೆ ಬಂತು.

ಎಕ್ಸಿಸ್ಟ್ ಒಂದೇ ಖಳನಾಯಕ ಎಂದಲ್ಲ. ಕಾಯಿಲೆಗೆ ಒಗ್ಗದ ತಳಿಯ ಇಲಿಗಳಿಗೆ ಏನೂ ಆಗಲಿಲ್ಲ. ನನ್ನಲ್ಲೂ ಎಕ್ಸಿಸ್ಟ್ ಇದೆ, ಲೂಪಸ್ ಇಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ. ಇಂಥ ಕಾಯಿಲೆಯಿರುವ ಮನುಷ್ಯರ ರಕ್ತದಲ್ಲೂ ಆ ಗಂಟಿನ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಸಿಕ್ಕಿವೆ. ಅಂದರೆ, ಮುಂದೆ ರಕ್ತಪರೀಕ್ಷೆಯಲ್ಲಿ ಹುಡುಕಲು ಹೊಸ ಗುರುತುಗಳಿವೆ.