ಬೆಲ್ಲದ ಗಾಣಕ್ಕೆ ನಾಲ್ಕು ಚೌಕದ ಲೆಕ್ಕ

ಮಹಾಲಿಂಗಪುರದ ಎಪಿಎಂಸಿಯಲ್ಲಿ ಬೆಲ್ಲದ ಸವಾಲಿಗೆ ನಿಂತ ಖರೀದಿದಾರ ಮೊದಲು ನೋಡುವುದು ಬಣ್ಣ, ರುಚಿ ಆಮೇಲೆ. ಆದರೆ ಅದೇ ಬೆಲ್ಲ ಮಾಡಿದ ಗಾಣದವನು ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಅಲ್ಲಿ ಪರೀಕ್ಷೆಯೇ ಬೇರೆ. ಯೋಜನಾ ವರದಿಯ ನಡುವೆ ಎಲ್ಲೋ ನಾಲ್ಕು ಚೌಕದ ಒಂದು ಪುಟ ಇರುತ್ತದೆ: ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ. ‘ಸ್ವಾಟ್’ ಎಂದರೆ ಇದೇ. ವರದಿ ಬರೆದುಕೊಡುವವರು ಇದನ್ನು ಹಳೆಯ ಕಡತದಿಂದ ಎತ್ತಿ ಅಂಟಿಸುವುದೇ ಹೆಚ್ಚು.

ಈ ಚೌಕಗಳು ಹುಟ್ಟಿದ್ದು ಗಾಣದವರಿಗಾಗಿ ಅಲ್ಲ. 1960ರ ದಶಕದಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಯೋಜನೆ ಹಾಕಿದರೂ ಕೆಲಸ ಯಾಕೆ ಕೆಡುತ್ತಿದೆ ಎಂದು ತಲೆಕೆಡಿಸಿಕೊಂಡಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ತಂಡ ಅದಕ್ಕೊಂದು ವಿಧಾನ ಕಟ್ಟಿತು. ಆಲ್ಬರ್ಟ್ ಹಂಫ್ರಿ ಹೆಸರು ಹೆಚ್ಚು ಕೇಳಿಬಂದರೂ, ರಾಬರ್ಟ್ ಸ್ಟೀವರ್ಟ್ ಅವರ ಪಾಲೂ ದೊಡ್ಡದೆಂದು ಇತ್ತೀಚಿನ ಇತಿಹಾಸಕಾರರು ಹೇಳುತ್ತಾರೆ. 1965ರಲ್ಲಿ ಹಾರ್ವರ್ಡ್‌ನ ಪಠ್ಯಪುಸ್ತಕವೊಂದು ಇದೇ ಬಗೆಯ ವಿಚಾರವನ್ನು ತರಗತಿಗೆ ತಂದಿತು. ಅಲ್ಲಿಂದ ಎಂಬಿಎ, ಎಂಬಿಎಯಿಂದ ಬ್ಯಾಂಕು. ಕೇಂದ್ರ ಸರ್ಕಾರ 2020ರಲ್ಲಿ ಕಿರು ಆಹಾರ ಉದ್ದಿಮೆಗಳಿಗೆ ಸಹಾಯಧನದ ಯೋಜನೆ ತಂದ ಮೇಲೆ ಗಾಣದ ಮಾಲೀಕರಿಗೂ ಯೋಜನಾ ವರದಿಯ ಕೆಲಸ ಬಿತ್ತು. ಯೋಜನೆಯದ್ದು ಶೇ 35, ರಾಜ್ಯದ್ದು ಮೇಲೆ ಶೇ 15 ಎಂದಾಗ ಯಾರು ಬಿಟ್ಟಾರು?

ತುಂಬಲು ಕೂತರೆ ಮೊದಲ ಚೌಕದಲ್ಲೇ ತೊಡಕು. ಘಟಪ್ರಭೆಯ ನೀರು ಸಾಮರ್ಥ್ಯವೆನ್ನೋಣ. 1897ರ ಧೂಪದಾಳ ಒಡ್ಡು, ಆಮೇಲೆ ಹಿಡಕಲ್ ಜಲಾಶಯ, ಎಡದಂಡೆ ಕಾಲುವೆ, ಇವುಗಳಿಂದ ಈ ಸೀಮೆಯಲ್ಲಿ ಕಬ್ಬು ಹಬ್ಬಿತು. ಹಬ್ಬಿದ ಕಬ್ಬಿನ ಹಿಂದೆ ಸಮೀರವಾಡಿ, ಮುಧೋಳದ ಸಕ್ಕರೆ ಕಾರ್ಖಾನೆಗಳೂ ಬಂದವು. ಗಾಣಕ್ಕೆ ಕಬ್ಬು ಕೊಟ್ಟ ನೀರೇ ಗಾಣದ ಕಬ್ಬು ಕಸಿಯುವವರನ್ನೂ ಕರೆತಂದಿತು. ಇದನ್ನು ಯಾವ ಚೌಕಕ್ಕೆ ಹಾಕುವುದು?

ಲೆಕ್ಕ ನೋಡಿ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರದ ರೈತರ ಹೋರಾಟದ ಬಳಿಕ ಕಾರ್ಖಾನೆ ದರ ಟನ್ನಿಗೆ 3,300 ರೂಪಾಯಿಗೆ ಬಂತು. ಗಾಣದವನೂ ಅದೇ ದರ ಕೊಟ್ಟರೆ ಕಿಲೋ ಬೆಲ್ಲಕ್ಕೆ ಕಬ್ಬಿನ ಖರ್ಚೇ 33 ರೂಪಾಯಿ. ಆಳಿನ ಕೂಲಿ, ಕರೆಂಟು, ಅಡತಿ, ಗಾಡಿ ಬಾಡಿಗೆ ಅದರ ಮೇಲೆ. ಒಲೆಗೆ ಗಾಣದ ಸಿಪ್ಪೆಯೇ ಇರುತ್ತದೆ, ಅಷ್ಟು ಪುಣ್ಯ. ಅವನ ಕೈಯಲ್ಲಿರುವ ಗಟ್ಟಿ ದಾಳವೆಂದರೆ ರೊಕ್ಕ. ಕಾರ್ಖಾನೆಗಳು 14 ದಿನದಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆದರೆ ಬಾಕಿಯ ಕತೆಯನ್ನು ರೈತರ ಬಾಯಲ್ಲೇ ಕೇಳಬೇಕು. ಕೈಮೇಲೆ ರೊಕ್ಕ ಎಣಿಸುವ ಗಾಣದವನ ಕಡೆ ಒಂದೆರಡು ಗಾಡಿ ತಿರುಗುವುದು ಅದಕ್ಕೇ.

ಇನ್ನು ಬಣ್ಣ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ, ಸುಣ್ಣ ಹಾಕಿ ಮಡ್ಡಿ ತೆಗೆಯುತ್ತಾರೆ. ಪಾಕ ನೋಡುವವನು ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಗಟ್ಟಿದರೆ ಇಳಿಸಲು ಹೇಳುತ್ತಾನೆ. ಹೀಗೆ ಇಳಿದ ಬೆಲ್ಲ ಕೆಂಪು, ಕಂದು. ಸವಾಲಿನಲ್ಲಿ ಬೆಳ್ಳಗಿದ್ದುದಕ್ಕೆ ಬೆಲೆ ಬರುವುದರಿಂದ ಕೆಲವರು ಬಣ್ಣ ಬಿಳಿಯಾಗಿಸುವ ಹೈಡ್ರೋಸ್ ಪುಡಿ ಸುರಿಯುತ್ತಾರೆ. ಪೇಟೆಯ ಆರೋಗ್ಯದ ಅಂಗಡಿಯಲ್ಲೋ ಅದೇ ಕಂದು ಬೆಲ್ಲವನ್ನು ಹುಡುಕಿ ಕೊಳ್ಳುತ್ತಾರೆ. ಒಂದೇ ಬಣ್ಣ, ಅಡತಿ ಅಂಗಡಿಯಲ್ಲಿ ದೌರ್ಬಲ್ಯ, ಡಬ್ಬಿಯಲ್ಲಿ ಸಾಮರ್ಥ್ಯ.

1982ರಲ್ಲಿ ಹೈಂಜ್ ವೈರಿಕ್ ಎಂಬ ಪ್ರಾಧ್ಯಾಪಕರು ಈ ಚೌಕಗಳನ್ನು ತಿರುವಿಹಾಕಿದರು: ಮೊದಲು ಹೊರಗಿನ ಅವಕಾಶ, ಅಪಾಯಗಳನ್ನು ಬರೆಯಿರಿ, ಆಮೇಲೆ ಒಳಗಿನ ಸಾಮರ್ಥ್ಯ, ದೌರ್ಬಲ್ಯಗಳನ್ನು ಒಂದೊಂದಾಗಿ ಅವುಗಳ ಎದುರು ಹಿಡಿಯಿರಿ. ಗಾಣಕ್ಕೆ ಇದೇ ಸರಿ ಎನಿಸುತ್ತದೆ, ಯಾಕೆಂದರೆ ಅದರ ಹಣೆಬರಹ ಹೊರಗೇ ಬರೆದಿದೆ. ಕಬ್ಬಿನ ದರ ಏರಿದರೆ ಎದುರು ಏನಿದೆ? ಕೈಮೇಲಿನ ರೊಕ್ಕ. ಬಿಳಿ ಬೆಲ್ಲದ ಪೈಪೋಟಿಗೆ? ಪ್ರಯೋಗಾಲಯದ ವರದಿ, ಕಿಲೋ ಡಬ್ಬಿ, ಬೆಲ್ಲದ ಪುಡಿ. ಆಳಿನ ಅಭಾವಕ್ಕೆ ಮಾತ್ರ ಎದುರಿನ ಮನೆ ಖಾಲಿ. ಸುಡುವ ಕೊಪ್ಪರಿಗೆಯ ಮುಂದೆ ನಿಲ್ಲುವ ಹುಡುಗರು ಈಗ ಕಡಿಮೆ.

ಸಾಲ ಕೇಳುವವರು ಇನ್ನೊಂದನ್ನು ಬರೆಸಿಕೊಳ್ಳಬೇಕು. ಗಾಣ ತಿರುಗುವುದು ಕಬ್ಬಿನ ಸುಗ್ಗಿಯಲ್ಲಿ, ಕಂತು ಬರುವುದು ಹನ್ನೆರಡೂ ತಿಂಗಳು. ಸುಗ್ಗಿಗೆ ಹೆಚ್ಚು, ಮಳೆಗಾಲಕ್ಕೆ ಕಡಿಮೆ ಎಂದು ಕಂತು ಹೊಂದಿಸಿಕೊಡಲು ಮ್ಯಾನೇಜರ್ ಸಾಹೇಬರನ್ನು ಸಹಿಗೆ ಮೊದಲೇ ಕೇಳುವುದು ಒಳ್ಳೆಯದು.