ಬಿಸಿಲ ಸೀಮೆಯಲ್ಲಿ ನಮ್ಮ ವಿಡಿಯೊ ಕ್ಯಾಮೆರಾ



ನಮ್ಮ ಅಧ್ಯಯನ ಪ್ರವಾಸದ ಚಿತ್ರವನ್ನು ಮಹಾಸಭೆಯಲ್ಲಿ ನೋಡಿದ ಹಲವರು ಒಂದೇ ಮಾತು ಕೇಳಿದರು: “ಕೆಲವು ಕಡೆ ಸುಣ್ಣ ಬಳಿದ ಹಾಗಿದೆ, ಕೆಲವು ಕಡೆ ಮಸಿ ಬಳಿದ ಹಾಗಿದೆ, ಯಾಕೆ?” ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸುತ್ತಿ ಬರುವಷ್ಟರಲ್ಲಿ ನಾವು ಕಲಿತ ಪಾಠವನ್ನು ಇಲ್ಲಿ ಹೇಳುತ್ತೇವೆ. ನಿಮ್ಮ ಮನೆಯ ಮದುವೆಗೂ ತೋಟದ ಕೊಯ್ಲಿಗೂ ಇದು ಉಪಯೋಗಕ್ಕೆ ಬಂದೀತು.

ನಾವು ತೋಟದ ನೆರಳಿನವರು. ಅಡಿಕೆ ಮರದ ಬುಡದಿಂದ ಕಣಕ್ಕೆ ಬಂದರೆ ಒಂದು ಕ್ಷಣ ಕಣ್ಣು ಕುಕ್ಕುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಕಣ್ಣಿದೆ, ಬುದ್ಧಿಯಿಲ್ಲ. ಅದು ಎದುರಿನ ಬೆಳಕು ಕತ್ತಲೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತದೆ. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ನಾವೇ ಹೇಳಿಕೊಡಬೇಕು.

ಹೇಳಿಕೊಡಲು ಮೂರು ದಾರಿಗಳಿವೆ. ಮೊದಲನೆಯದು ಐರಿಸ್, ಎಂದರೆ ಬೆಳಕು ಒಳಗೆ ಬರುವ ಕಂಡಿ. ಎಫ್ 4ರಿಂದ ಎಫ್ 5.6ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ. ಎರಡನೆಯದು ಷಟರ್ ವೇಗ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ 1/50 ಸೆಕೆಂಡು ಸರಿಯಾದದ್ದು. ಮೂರನೆಯದು ಗೇನ್. ಇದನ್ನು 6 ಡೆಸಿಬೆಲ್ ಏರಿಸಿದರೆ ಚಿತ್ರ ಒಂದು ಮೆಟ್ಟಿಲು ಬೆಳಗುತ್ತದೆ, ಆದರೆ ರವೆ ಚೆಲ್ಲಿದಂತೆ ಕಾಳು ಕಾಳಾಗುತ್ತದೆ. ಆದ್ದರಿಂದ ಗೇನ್‌ಗೆ ಕೈ ಹಾಕುವುದು ಕೊನೆಗೆ.

ಕಿತ್ತೂರಿನ ಮಧ್ಯಾಹ್ನ

1824ರ ಅಕ್ಟೋಬರ್ 23ರಂದು ಕಂಪನಿಯ ಸೈನ್ಯವನ್ನು ಸೋಲಿಸಿದ ಕೋಟೆಗೆ ನಾವು ತಲುಪಿದ್ದು ಸುಡುಬಿಸಿಲಿನಲ್ಲಿ. ಹಾಳುಬಿದ್ದ ಅರಮನೆಯ ಗೋಡೆಗಳ ಮುಂದೆ ನಮ್ಮ ಸದಸ್ಯರ ಬಿಳಿ ಅಂಗಿ, ಪಂಚೆಗಳು ಚಿತ್ರದಲ್ಲಿ ಬರೀ ಬಿಳಿ ತೇಪೆಗಳಾದವು. ಹೀಗೆ ಪೂರ್ತಿ ಸುಟ್ಟುಹೋದ ಬಿಳುಪಿನಲ್ಲಿ ನಿರಿಗೆ, ಗುಂಡಿ ಯಾವುದನ್ನೂ ಆಮೇಲೆ ಮರಳಿ ತರಲಾಗುವುದಿಲ್ಲ.

ಇಂಥ ಬಿಸಿಲಿಗೆ ಎನ್‌ಡಿ ಫಿಲ್ಟರ್ ಬೇಕು. ಇದು ಕ್ಯಾಮೆರಾಕ್ಕೆ ಹಾಕುವ ತಂಪು ಕನ್ನಡಕ. ಎನ್‌ಡಿ 64 ಎಂಬುದು 64ರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ. ಫಿಲ್ಟರ್ ಹಾಕಿ, ಷಟರ್ 1/50ರಲ್ಲಿ, ಗೇನ್ ಸೊನ್ನೆಯಲ್ಲಿ ಇಟ್ಟು, ಐರಿಸ್ ಎಫ್ 4ರಿಂದ ಎಫ್ 8ರ ನಡುವೆ ಬರುವಂತೆ ನೋಡಿಕೊಳ್ಳಿ. ಕಂಡಿಯನ್ನು ತೀರ ಕಿರಿದು ಮಾಡಿದರೆ ಚಿಕ್ಕ ಕ್ಯಾಮೆರಾಗಳಲ್ಲಿ ಚಿತ್ರದ ಚೂಪು ಹೋಗುತ್ತದೆ. ಝೀಬ್ರಾ ಪಟ್ಟೆಯನ್ನು 100ಕ್ಕೆ ಇಟ್ಟು, ಬಿಳಿ ಬಟ್ಟೆಯ ಮೇಲೆ ಪಟ್ಟೆ ಕಂಡರೆ ಅದು ಮಾಯವಾಗುವವರೆಗೆ ಐರಿಸ್ ಕಿರಿದು ಮಾಡಿ.

ಬೈಲಹೊಂಗಲದ ಕರಿಮಣ್ಣು

1829ರ ಫೆಬ್ರವರಿಯಲ್ಲಿ ಸೆರೆಯಲ್ಲೇ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿ ಈ ಊರಿನಲ್ಲಿದೆ. ಅಲ್ಲಿ ಕೈಮುಗಿದು ಹೊಲಗಳ ಕಡೆ ಹೋದೆವು. ಎರೆ ಹೊಲವನ್ನು ಕ್ಯಾಮೆರಾ ತನ್ನ ಪಾಡಿಗೆ ತೆಗೆದರೆ ಆ ಕರಿಮಣ್ಣು ಬೂದಿಯಂತೆ ಕಾಣುತ್ತದೆ, ಒಡೆದ ಹತ್ತಿ ಹೊಳೆದು ಹೋಗುತ್ತದೆ. ಕಪ್ಪು ಹೆಚ್ಚಿರುವುದನ್ನು ಕಂಡು ‘ಇಲ್ಲಿ ಕತ್ತಲೆ’ ಎಂದು ಅದು ಕಂಡಿ ತೆರೆದುಬಿಡುತ್ತದೆ. ಎಕ್ಸ್‌ಪೋಷರ್ ಹೊಂದಿಕೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿದ ಮೇಲೆ ಮಣ್ಣು ಮಣ್ಣಿನ ಬಣ್ಣಕ್ಕೆ ಬಂತು.

ನಮ್ಮ ಕಣದಲ್ಲಿ ಇದಕ್ಕೆ ತದ್ವಿರುದ್ಧ. ಒಣಗಲು ಹರವಿದ ಪಾರ್ಚ್‌ಮೆಂಟ್ ಕಾಫಿ ಚಿತ್ರದ ತುಂಬ ಇದ್ದರೆ ಕ್ಯಾಮೆರಾ ಅದನ್ನು ಮಂಕಾಗಿಸುತ್ತದೆ. ಅಲ್ಲಿ ಅರ್ಧ ಮೆಟ್ಟಿಲು ಮೇಲಕ್ಕೆ ಏರಿಸಬೇಕು.

ಸವದತ್ತಿಯ ಗುಡ್ಡ

ಯಲ್ಲಮ್ಮನ ಗುಡ್ಡದಲ್ಲಿ ಬಿಸಿಲಿನಿಂದ ಮಂಟಪದ ನೆರಳಿಗೆ ಕ್ಯಾಮೆರಾ ಹಿಡಿದುಕೊಂಡೇ ನಡೆದೆವು. ಐರಿಸ್ ತೆರೆಯುತ್ತ ಮುಚ್ಚುತ್ತ ಹೊಯ್ದಾಡಿತು. ಇಂಥ ಕಡೆ ಹೊರಗಿನದನ್ನು ಅಲ್ಲಿಗೇ ನಿಲ್ಲಿಸಿ, ಒಳಗೆ ಹೋಗಿ ಬೆಳಕು ಹೊಂದಿಸಿ, ಲಾಕ್ ಮಾಡಿ, ಹೊಸದಾಗಿ ಆರಂಭಿಸುವುದು ಒಳ್ಳೆಯದು. ಟ್ಯೂಬ್‌ಲೈಟ್ ಇರುವಲ್ಲಿ ಷಟರ್ 1/50 ಅಥವಾ 1/100 ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಬೇರೆ ವೇಗದಲ್ಲಿ ಚಿತ್ರ ಮಿಣುಕಬಹುದು. ದೇವಸ್ಥಾನ ಯಾವುದೇ ಇರಲಿ, ಒಳಗೆ ಚಿತ್ರ ತೆಗೆಯುವ ಮೊದಲು ಅಲ್ಲಿಯವರ ಅಪ್ಪಣೆ ಕೇಳುವುದು ನಮ್ಮ ಧರ್ಮ.

ರಾಮದುರ್ಗದ ಮಗ್ಗ

ನಿಜವಾದ ಪಾಠ ಇಲ್ಲಿ ಆಯಿತು. ಒಬ್ಬ ಹಿರಿಯ ನೇಕಾರರು ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಕೂಡಿಸುತ್ತಿದ್ದರು. ಅವರ ಹಿಂದೆ ಕಿಟಕಿ. ನಾವು ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ಅರ್ಧ ಗಂಟೆ ತೆಗೆದೆವು. ತೋರಿಸಿದಾಗ ಅವರು ನಕ್ಕರು: “ಕಿಡಕಿ ಚಲೋ ಬಂದೈತ್ರಿ. ನನ್ನ ಮಾರಿ ಎಲ್ಲೈತಿ?”

ನಾವೂ ನಕ್ಕೆವು, ಆದರೆ ಮುಖ ಸಪ್ಪಗಾಯಿತು. ಮತ್ತೆ ಕಿಟಕಿಯ ಬದಿಗೆ ಬಂದು, ಆ ಬೆಳಕೇ ಅವರ ಮೇಲೆ ಬೀಳುವಂತೆ ನಿಂತು, ಮುಖಕ್ಕೆ ಐರಿಸ್ ಹೊಂದಿಸಿ ಲಾಕ್ ಮಾಡಿದೆವು. ಈ ಸಲ ಮುಖ ಬಂತು, ಬೆರಳುಗಳೂ ಬಂದವು. ಆದರೆ ಹಾಸು ಕೂಡಿಸುವ ಕೆಲಸ ಮುಗಿದುಹೋಗಿತ್ತು. “ಮುಂದಿನ ಹಾಸು ಹಾಕೂವಾಗ ಬರ್ರಿ” ಎಂದು ಬೀಳ್ಕೊಟ್ಟರು.

ಮುಖದ ಬೆಳಕು ಅಳೆಯುವಾಗ ಇನ್ನೊಂದು ಎಚ್ಚರಿಕೆ. ಝೀಬ್ರಾ ಪಟ್ಟೆಯನ್ನು 70ಕ್ಕೆ ಇಟ್ಟು ಮುಖದ ಮೇಲೆ ಪಟ್ಟೆ ಬರಲಿ ಎಂಬ ಸಲಹೆಯುಂಟು. ಅದು ಬಿಳಿ ಮೈಬಣ್ಣದವರನ್ನು ನೋಡಿ ಮಾಡಿದ ಲೆಕ್ಕ. ಬಿಸಿಲಿನಲ್ಲಿ ದುಡಿದ ನಮ್ಮ ಜನರ ಮುಖಕ್ಕೆ ಪಟ್ಟೆ ಬರಲೇಬೇಕೆಂದು ಹಟ ಹಿಡಿದರೆ ಅವರ ನಿಜವಾದ ಬಣ್ಣವೇ ತೊಳೆದುಹೋಗುತ್ತದೆ.

ನಮ್ಮ ತೋಟಕ್ಕೆ

ಮೊಬೈಲ್ ಫೋನಿನಲ್ಲಿ ತೆಗೆಯುವವರಿಗೂ ಮಾತು ಇದೇ. ಹೆಚ್ಚಿನ ಫೋನುಗಳಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಬೇಕಾದಂತೆ ಏರಿಸಬಹುದು, ಇಳಿಸಬಹುದು.

ಕೊನೆಗಾರ ಅಡಿಕೆ ಮರದ ತುದಿಯಲ್ಲಿದ್ದಾಗ ಅವನ ಹಿಂದೆ ಇರುವುದು ಬರೀ ಆಕಾಶ. ಅದೂ ರಾಮದುರ್ಗದ ಕಿಟಕಿಯೇ. ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ನಿಮಗೆ ಗೊತ್ತಿದೆ. ಈ ಕೊಯ್ಲಿನಲ್ಲಿ ಅವರನ್ನು ಚಿತ್ರಿಸುವವರು ಸೂರ್ಯ ತಮ್ಮ ಬೆನ್ನಿಗೆ ಬರುವಂತೆ ನಿಲ್ಲಿ. ಆಕಾಶ ಸ್ವಲ್ಪ ಬಿಳಿಚಿದರೆ ಬಿಳಿಚಲಿ, ಮುಖ ಉಳಿಯಲಿ.

ಸಂಘದ ಕ್ಯಾಮೆರಾ ಕಛೇರಿಯಲ್ಲಿದೆ. ಬೇಕಾದವರು ಮುಂಚಿತವಾಗಿ ತಿಳಿಸಿ ಒಯ್ಯಬಹುದು. ರಾಮದುರ್ಗದ ಹಿರಿಯರ ಮುಂದಿನ ಹಾಸಿನ ಹೊತ್ತಿಗೆ ಮಾತ್ರ ಅದು ನಮ್ಮ ಕೈಯಲ್ಲಿರಬೇಕೆಂದು ವಿನಂತಿ.