ಮೊಳಕೆ ಕಾಳು: ಕೊಳ್ಳುವುದೋ, ಮನೆಯಲ್ಲೇ ಕಟ್ಟುವುದೋ?

ಪ್ರಶ್ನೆ: ಮುಂಬೈ ಬಳಿಯ ನಮ್ಮ ಡೊಂಬಿವಲಿ ಮಾರುಕಟ್ಟೆಯಲ್ಲಿ ಮೊಳಕೆ ಬಂದ ಮಡಿಕೆ ಕಾಳೇ ಸಿಗುವಾಗ, ಮನೆಯಲ್ಲಿ ನೆನೆಹಾಕುವುದರಿಂದ ಉಳಿತಾಯವಿದೆಯೇ?

ಉತ್ತರ: ಇದೆ. ಒಣಕಾಳು ನೀರು ಕುಡಿದು ಮೊಳೆತಾಗ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಮೊಳಕೆಯ ಕಿಲೋ ದರ ಒಣಕಾಳಿನ ಅರ್ಧ ದರವನ್ನು ಮೀರಿದಷ್ಟೂ ನಮಗೆ ನಷ್ಟವೇ. ಲೋಕಲ್ ರೈಲು ಹಿಡಿಯಲು ಓಡುವವರಿಗೆ ಪುರುಸೊತ್ತೆಲ್ಲಿ ಎನ್ನಬಹುದು. ಆದರೆ ಬೆಳಿಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಇಲ್ಲಿನ ಸೆಕೆಗೆ ಮರುದಿನವೇ ಮೊಳಕೆ ಇಣುಕುತ್ತದೆ. ದಿನವೂ ಮೊಳಕೆ ಕಾಳಿನ ಅದೇ ಉಸಳಿಯಾದರೆ ಮಕ್ಕಳು ಮುಖ ತಿರುಗಿಸುತ್ತಾರೆ ಎಂಬುದೂ ನಿಜ. ಅದಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆಯ ಉಪಾಯವಿಲ್ಲ: ಬೇಯಿಸಿ ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳು, ಕಾಯಿ, ಬೆಳ್ಳುಳ್ಳಿ, ಹುಣಸೆ, ಸಾರಿನಪುಡಿ ರುಬ್ಬಿ ಹಾಕಿ ಕುದಿಸಿದರೆ ಸಾರು, ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಆ ಪಲ್ಯಕ್ಕೇ ಹಸಿ ಈರುಳ್ಳಿ, ನಿಂಬೆರಸ ಬೆರೆಸಿದರೆ ಸಂಜೆಯ ತಿಂಡಿ. ಮಳೆಗಾಲದಲ್ಲಿ ಮಾತ್ರ ಎಚ್ಚರ: ಲೋಳೆ ಬಿಟ್ಟ, ವಾಸನೆ ಬಂದ ಕಾಳನ್ನು ಬಳಸಬೇಡಿ.